ಕಾಫಿ ಗೋಡೌನ್‌ನಲ್ಲಿ ಗ್ಯಾಸ್ ಹೀಟರ್: ಬಾಗಿಲು ಮುಚ್ಚಬಹುದಾ?

ಪ್ರಶ್ನೆ (ಆಲ್ದೂರಿನ ಬೆಳೆಗಾರ): ನಮಸ್ಕಾರ ಸರ್. ಕುಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿದಿದೆ. ಕಣದಲ್ಲಿದ್ದ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಪೊರೆ ಇನ್ನೂ ಇರುವ ಕಾಫಿ ಬೀಜ) ಎಲ್ಲಾ ಬಾಚಿ ಗೋಡೌನ್ ಒಳಗೆ ಹರಡಿದ್ದೇವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಗ್ಯಾಸ್ ಹೀಟರ್ ಸಿಕ್ಕಿತು. ಉದ್ದ ಕೊಳವೆ ತರಹ ಇದೆ, ಹಿಂದೆ ಫ್ಯಾನು, ಮುಂದೆ ಬೆಂಕಿ ಕಾಣಿಸುತ್ತದೆ. ಪ್ಲೇಟಿನ ಮೇಲೆ 30 ಕಿಲೋವ್ಯಾಟ್ ಅಂತ ಬರೆದಿದೆ. ಬಾಗಿಲು, ಕಿಟಕಿ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಬೇಗ ಒಣಗುತ್ತದಾ? ಇಬ್ಬರು ಹುಡುಗರು ಅಲ್ಲೇ ಮಲಗಿ ನೋಡಿಕೊಳ್ಳುತ್ತೇವೆ ಅಂತಿದ್ದಾರೆ. ಚಳಿಗೆ ಅವರಿಗೂ ಬೆಚ್ಚಗಾಗುತ್ತದೆ.

ಉತ್ತರ (ಗ್ಯಾಸ್ ಮೆಕ್ಯಾನಿಕ್, ಹಾಸನ): ಕಾಫಿ ವಿಚಾರ ಆಮೇಲೆ ನೋಡೋಣ. ಮೊದಲು ಆ ಹುಡುಗರ ಹಾಸಿಗೆಯನ್ನು ಲೈನ್ ಮನೆಗೆ (ಕೂಲಿಯವರ ಸಾಲುಮನೆಗೆ) ವಾಪಸ್ ಕಳಿಸಿ.

ನೀವು ಹೇಳುವ ಹೀಟರ್‌ಗೆ ಚಿಮಣಿ ಇಲ್ಲ. ಉರಿದ ಗ್ಯಾಸಿನ ಹೊಗೆಯೆಲ್ಲ ಬಿಸಿಗಾಳಿ ಜೊತೆಗೇ ಗೋಡೌನ್ ಒಳಗೆ ಬರುತ್ತದೆ. ಒಂದು ಕೆಜಿ ಎಲ್‌ಪಿಜಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 30 ಕಿಲೋವ್ಯಾಟ್ ಹೀಟರ್ ಗಂಟೆಗೆ ಎರಡು ಕೆಜಿಗಿಂತ ಜಾಸ್ತಿ ಗ್ಯಾಸ್ ಕುಡಿಯುತ್ತದೆ. ಬಾಗಿಲು ಮುಚ್ಚಿದ ಜಾಗದಲ್ಲಿ ಗಾಳಿ ಕೆಡುತ್ತಾ ಹೋದಂತೆ ಉರಿ ಸರಿಯಾಗಿ ಆಗುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಎದ್ದಿರುವವನಿಗೆ ತಲೆನೋವು, ತಲೆಸುತ್ತು, ವಾಂತಿ ಬಂದಂತೆ ಆಗುತ್ತದೆ. ಒಳಗಿರುವ ಇಬ್ಬರು ಮೂವರಿಗೂ ಒಟ್ಟಿಗೇ ತಲೆನೋವು ಬಂತು ಅಂದರೆ ಪಿತ್ತ ಅಂತ ಸುಮ್ನೆ ಕೂರಬೇಡಿ. ಎಲ್ಲರೂ ಬಯಲಿಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಬಚ್ಚಲಿನ ಗ್ಯಾಸ್ ಗೀಸರ್‌ನಿಂದ ಜನ ಸಾಯುವುದೂ ಇದೇ ಕಾರಣಕ್ಕೆ.

ಈ ಹೀಟರ್ ಹಚ್ಚಲೇಬೇಕು ಅಂದರೆ ಹೊರಗಿನ ಗಾಳಿ ಬರಲು ದಾರಿ ಇರಲೇಬೇಕು. ಕಿಲೋವ್ಯಾಟ್‌ಗೆ ಕನಿಷ್ಠ 25 ಚದರ ಸೆಂಟಿಮೀಟರ್ ಕಿಂಡಿ ಅಂತ ಲೆಕ್ಕ, ಅರ್ಧ ನೆಲದ ಹತ್ತಿರ, ಅರ್ಧ ಸೂರಿನ ಹತ್ತಿರ. ನಿಮ್ಮದಕ್ಕೆ 750 ಆಯಿತು. ಇದು ತೀರಾ ಕಮ್ಮಿ ಅಂದರೆ. ನಾನಂತೂ ಎದುರು ಬದುರು ಎರಡು ಕಿಟಕಿ ತೆಗೆದಿಡಿ ಅಂತಲೇ ಹೇಳುತ್ತೇನೆ. ಹೀಟರ್ ಬಾಯಿಯ ಮುಂದೆ ಹತ್ತು ಅಡಿ ಒಳಗೆ ಗೋಣಿಚೀಲ, ಟಾರ್ಪಲ್, ಸೌದೆ ಏನೂ ಇರಬಾರದು. ಪೆಟ್ರೋಲ್ ಕ್ಯಾನು, ಗಿಡಕ್ಕೆ ಹೊಡೆಯುವ ಔಷಧಿ ಡಬ್ಬ ಅದೇ ಗೋಡೌನ್‌ನಲ್ಲಿದ್ದರೆ ಇವತ್ತೇ ಹೊರಗೆ ಹಾಕಿ.

ಇನ್ನು ಒಣಗುವ ಮಾತು. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಬರುತ್ತದೆ. ಅಂದರೆ ನಿಮ್ಮ ಹೀಟರ್ ಗಂಟೆಗೆ ಮೂರೂವರೆ ಲೀಟರ್ ನೀರನ್ನು ಗೋಡೌನ್ ಒಳಗೇ ಬಿಡುತ್ತದೆ. ಕಾಫಿಯಿಂದ ಏಳುವ ತೇವ ಬೇರೆ. ಬಾಗಿಲು ಹಾಕಿದರೆ ಶೀಟಿನ ಒಳಮೈಯಲ್ಲಿ ಬೆವರು ಕಟ್ಟಿ ಬೆಳಗಿನ ಜಾವ ನಿಮ್ಮ ಪಾರ್ಚ್‌ಮೆಂಟ್ ಮೇಲೇ ತೊಟ್ಟಿಕ್ಕುತ್ತದೆ. ಗ್ಯಾಸಿನ ದುಡ್ಡು ಕೊಟ್ಟು ಬೂಷ್ಟು ತರಿಸಿಕೊಂಡ ಹಾಗೆ!

ಪ್ರಶ್ನೆ (ಸಕಲೇಶಪುರ): ನಮ್ಮಲ್ಲೂ ಅಂಥದ್ದೇ ಇದೆ ಅಣ್ಣ. ನಾಬ್ ಒತ್ತಿ ಹಿಡಿದಿದ್ದರೆ ಉರಿಯುತ್ತದೆ, ಕೈ ಬಿಟ್ಟ ಕೂಡಲೇ ಆರುತ್ತದೆ. ನಾಬ್ ಮೇಲೆ ತಂತಿ ಸುತ್ತಿಬಿಡಿ ಅಂತ ಒಬ್ಬರು ಹೇಳಿದರು.

ಉತ್ತರ: ಬೇಡ ತಮ್ಮಾ, ಬೇಡವೇ ಬೇಡ. ಉರಿಗೆ ತಾಗಿಕೊಂಡು ಪೆನ್ನಿನ ರೀಫಿಲ್‌ನಷ್ಟು ದಪ್ಪದ ಒಂದು ಕಡ್ಡಿ ಇರುತ್ತದೆ, ಥರ್ಮೋಕಪಲ್ ಅಂತ. ಅದು ಬಿಸಿಯಾದರೆ ಚೂರು ಕರೆಂಟ್ ಹುಟ್ಟಿ ಗ್ಯಾಸ್ ವಾಲ್ವನ್ನು ತೆರೆದು ಹಿಡಿಯುತ್ತದೆ. ಬೆಂಕಿ ಆರಿದರೆ ತಣ್ಣಗಾಗಿ ಗ್ಯಾಸ್ ನಿಲ್ಲಿಸುತ್ತದೆ. ತಂತಿ ಸುತ್ತಿದರೆ ಬೆಂಕಿ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ. ನೆಲದಲ್ಲಿ, ಚರಂಡಿಯಲ್ಲಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಗುಂಡಿಯಲ್ಲಿ ಹೋಗಿ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಭಾಗ ಸೇರಿದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ.

ಹಚ್ಚಿದ ಮೇಲೆ ನಾಬನ್ನು 20-30 ಸೆಕೆಂಡ್ ಒತ್ತಿ ಹಿಡಿಯಿರಿ, ತುಂಬಾ ಜನ ಐದಕ್ಕೇ ಬಿಡುತ್ತಾರೆ. ಆಮೇಲೂ ಆರಿದರೆ ಸಿಲಿಂಡರ್ ಬಂದ್ ಮಾಡಿ, ತಣ್ಣಗಾದ ಮೇಲೆ ಕಡ್ಡಿಯ ತುದಿ ನೋಡಿ. ಮಸಿ ಕಟ್ಟಿರುತ್ತದೆ, ಇಲ್ಲವೇ ಉರಿಯಿಂದ ಪಕ್ಕಕ್ಕೆ ಬಾಗಿರುತ್ತದೆ, ಇಲ್ಲವೇ ಹಿಂದಿನ ನಟ್ ಸಡಿಲ ಆಗಿರುತ್ತದೆ. ಅದ್ಯಾವುದೂ ಅಲ್ಲದಿದ್ದರೆ ಕಡ್ಡಿಯೇ ಹೋಗಿದೆ. ಮಾಡೆಲ್ ಹೇಳಿ ಮೆಕ್ಯಾನಿಕ್ ಕೈಲಿ ಹೊಸದು ಹಾಕಿಸಿ. ಒಮ್ಮೆ ಹತ್ತಲಿಲ್ಲ ಅಂದರೆ ಐದು ನಿಮಿಷ ಬಿಟ್ಟು, ನೆಲದ ಹತ್ತಿರ ವಾಸನೆ ಇಲ್ಲ ಅಂತ ನೋಡಿಕೊಂಡು ಮತ್ತೆ ಹಚ್ಚಿ.

ಪ್ರಶ್ನೆ (ಅದೇ ಸಕಲೇಶಪುರದವರು): ರಾತ್ರಿ ಸಿಲಿಂಡರ್ ಕೆಳಭಾಗ ಮಂಜುಗಟ್ಟಿ ಉರಿ ಸಣ್ಣ ಆಗುತ್ತದೆ. ಬಿಸಿನೀರು ಹುಯ್ಯಬಹುದಾ? ಮಲಗಿಸಿದರೆ ಜೋರು ಬರುತ್ತದಂತೆ?

ಉತ್ತರ: ಮಲಗಿಸಿದರೆ ದ್ರವವೇ ನುಗ್ಗಿ ಬರುತ್ತದೆ, ಹೀಟರ್ ಬಾಯಿಂದ ಮಾರುದ್ದ ಜ್ವಾಲೆ ಏಳುತ್ತದೆ. ಬಿಸಿನೀರೂ ಬೇಡ, ಹೀಟರ್ ಮುಂದೆ ಇಟ್ಟು ಕಾಯಿಸುವುದೂ ಬೇಡ. ಗ್ಯಾಸ್ ಎಳೆಯುವ ವೇಗಕ್ಕೆ ಒಂದು ಸಿಲಿಂಡರ್ ಸಾಲುತ್ತಿಲ್ಲ ಅಷ್ಟೇ. ಡೀಲರ್‌ಗೆ ಹೇಳಿ 19 ಕೆಜಿ ಸಿಲಿಂಡರ್ ಎರಡು ಮೂರು ಒಂದೇ ಪೈಪಿಗೆ ಸೇರಿಸಿ ಮ್ಯಾನಿಫೋಲ್ಡ್ ಮಾಡಿಸಿ, ಹೊರಗೆ ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿ. ಅಡುಗೆಮನೆಯ 14.2 ಕೆಜಿ ಸಿಲಿಂಡರನ್ನು ಇದಕ್ಕೆ ಬಳಸುವುದು ಕಾನೂನು ಪ್ರಕಾರವೂ ತಪ್ಪು. ರೆಗ್ಯುಲೇಟರ್ ಹೀಟರ್ ಪ್ಲೇಟಿನಲ್ಲಿ ಬರೆದ ಪ್ರೆಶರ್‌ನದ್ದೇ ಆಗಿರಬೇಕು. ಪೈಪಿನ ಮೇಲಿನ ತಾರೀಖು ನೋಡಿ. ನಮ್ಮ ಕಡೆ ಇಲಿ ಕಚ್ಚಿದ ಪೈಪೇ ಜಾಸ್ತಿ ಸಿಗುವುದು. ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ನೋಡಿ, ಬೆಂಕಿಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ! ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಪ್ರಶ್ನೆ (ಮೂಡಿಗೆರೆ, ಹೋಂಸ್ಟೇ ನಡೆಸುವವರು): ನಮ್ಮ ಡೈನಿಂಗ್ ಹಾಲ್‌ನಲ್ಲಿ ಸೂರಿಗೆ ನೇತುಹಾಕಿದ ಹೀಟರ್ ಇದೆ, ಚಿಮಣಿ ಇದೆ. ಮಳೆಗಾಲ ಪೂರ್ತಿ ಹಚ್ಚಿಲ್ಲ. ಈಗ ಏನು ನೋಡಬೇಕು?

ಉತ್ತರ: ಚಿಮಣಿ ಇರುವುದು ಒಳ್ಳೆಯದು ಮೇಡಂ, ಆದರೆ ಮಳೆಗಾಲ ಕಳೆದ ಮೇಲೆ ಅದರೊಳಗೆ ಹಕ್ಕಿಗೂಡೋ ಕಣಜದ ಗೂಡೋ ಇರುವುದು ಮಾಮೂಲು. ಮೊದಲು ಅದನ್ನು ತೆಗೆಸಿ. ಆಮೇಲೆ ಹೀಟರ್ ಹಚ್ಚಿ ಉರಿಯನ್ನೇ ನೋಡುತ್ತಾ ನಿಲ್ಲಿ. ನೀಲಿ ಇರಬೇಕು. ಸ್ವಲ್ಪ ಹೊತ್ತಿಗೆ ಫ್ಯಾನ್ ಶುರುವಾಗುತ್ತದೆ. ಆ ಕ್ಷಣ ಉರಿ ಅಲುಗಾಡಿದರೆ, ಹಳದಿಯಾದರೆ ಉರಿಯನ್ನೂ ಫ್ಯಾನಿನ ಗಾಳಿಯನ್ನೂ ಬೇರೆ ಇಡುವ ಒಳಗಿನ ತಗಡು ಬಿರುಕು ಬಿಟ್ಟಿರಬಹುದು. ಫ್ಯಾನಿನ ಗಾಳಿ ಉರಿಗೆ ತಾಗುತ್ತಿದೆ ಅಂದರೆ ಹೊಗೆಯೂ ಹಾಲ್‌ಗೆ ಬರಬಹುದು. ಹೀಟರ್ ನಿಲ್ಲಿಸಿ ಮೆಕ್ಯಾನಿಕ್ ಕರೆಸಿ. ವೆಲ್ಡಿಂಗ್ ಮಾಡಿ ತೇಪೆ ಹಾಕುತ್ತೇನೆ ಅಂದರೆ ಒಪ್ಪಬೇಡಿ.

ಇನ್ನೊಂದು. ಪಕ್ಕದ ಅಡುಗೆಮನೆಯ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿ, ಹಾಲ್‌ನ ಬಾಗಿಲು ಮುಚ್ಚಿ, ಹೀಟರ್‌ನಿಂದ ಚಿಮಣಿ ಶುರುವಾಗುವ ಬಾಯಿ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ನಿಮ್ಮ ಕಡೆಗೇ ತಿರುಗಿದರೆ ಎಕ್ಸಾಸ್ಟ್ ಫ್ಯಾನು ಚಿಮಣಿಯ ಹೊಗೆಯನ್ನು ಹಾಲ್‌ಗೆ ಎಳೆಯುತ್ತಿದೆ ಅಂತ ಅರ್ಥ. ಅಡುಗೆಮನೆಗೆ ಬೇರೆ ಗಾಳಿ ಕಿಂಡಿ ಕೊಡಿಸಿ.

ಪ್ರಶ್ನೆ (ಆಲ್ದೂರು): ಹುಡುಗರನ್ನು ಕಳಿಸಿದೆ ಸರ್. ಅಲಾರಂ ಸಿಗುತ್ತದಲ್ಲ, ಹಾಕಿದರೆ ಸಾಕಾ? ನನ್ನ ಕಾಫಿಗೆ ಏನು ದಾರಿ?

ಉತ್ತರ: ಎರಡು ಬೇರೆ ಬೇರೆ ಅಲಾರಂ. ಗ್ಯಾಸ್ ಸೋರಿಕೆಯದ್ದು ನೆಲದಿಂದ ಒಂದಡಿ ಎತ್ತರದಲ್ಲಿ, ಕಾರ್ಬನ್ ಮೊನಾಕ್ಸೈಡ್‌ನದ್ದು ಮುಖದ ಎತ್ತರದಲ್ಲಿ. ಎರಡೂ ಹಾಕಿ, ಆದರೆ ಅಲಾರಂ ಇದೆ ಅಂತ ಕಿಟಕಿ ಮುಚ್ಚಬೇಡಿ.

ಕಾಫಿಗೆ ಈ ಹೀಟರ್ ಬೇಡ ಅಂತಲೇ ನನ್ನ ಅಭಿಪ್ರಾಯ. ಅರೆಬರೆ ಉರಿದ ಗ್ಯಾಸಿನ ವಾಸನೆಯನ್ನು ಹಸಿ ಪಾರ್ಚ್‌ಮೆಂಟ್ ಹಿಡಿದುಕೊಳ್ಳುತ್ತದೆ. ಹೊಗೆ ಚಿಮಣಿಯಲ್ಲಿ ಹೋಗಿ ಬರೀ ಬಿಸಿಗಾಳಿ ಒಳಗೆ ಬರುವ ಡ್ರೈಯರ್ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ. ಅದರಲ್ಲೂ ಕಾಫಿಯ ಬಿಸಿ 40 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಅಲ್ಲಿವರೆಗೆ ತೆಳುವಾಗಿ ಹರಡಿ, ದೊಡ್ಡ ಫ್ಯಾನ್ ಹಾಕಿ, ಗಂಟೆಗೊಮ್ಮೆ ಕೈಯಾಡಿಸಿ. ಹೀಟರ್‌ನ ಫೋಟೋ, ಪ್ಲೇಟಿನ ಫೋಟೋ ಎರಡೂ ಇಲ್ಲಿ ಹಾಕಿ. ಅಷ್ಟರವರೆಗೆ ಸಿಲಿಂಡರ್‌ಗೆ ಜೋಡಿಸಬೇಡಿ.