ಪಂಚಾಯಿತಿ ಪ್ರಕಟಣೆ ಪೇಪರ್‌ನಿಂದ ವೆಬ್‌ಸೈಟ್‌ಗೆ: ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾನು ಪಟ್ಟಣ ಪಂಚಾಯಿತಿ ಸದಸ್ಯೆ. ಹರಾಜು, ಟೆಂಡರ್, ಆಕ್ಷೇಪಣೆ ಆಹ್ವಾನ ಎಲ್ಲವನ್ನೂ ಪೇಪರ್‌ಗೆ ಕೊಡುವ ಖರ್ಚು ಉಳಿಸಿ ವೆಬ್‌ಸೈಟ್‌ನಲ್ಲಷ್ಟೇ ಹಾಕೋಣ ಎಂಬ ವಿಷಯ ಮುಂದಿನ ಸಾಮಾನ್ಯ ಸಭೆಗೆ ಬರುತ್ತಿದೆ. ಏನೇನು ನೋಡಿಕೊಳ್ಳಬೇಕು?

ನಿವೃತ್ತ ಮುಖ್ಯಾಧಿಕಾರಿ: ಮೇಡಂ, ಮೊದಲು ಯಾವ ಪ್ರಕಟಣೆ ಯಾವ ಕಾಯ್ದೆಯಡಿ ಹೊರಡುತ್ತದೆ ಎಂದು ಪಟ್ಟಿ ಮಾಡಿಸಿ. ಎಲ್ಲವೂ ನಿಮ್ಮ ಠರಾವಿನ ಕೈಯಲ್ಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 8ನೇ ಕಲಂ ವಿದ್ಯುನ್ಮಾನ ರಾಜ್ಯಪತ್ರಕ್ಕೆ, ಅಂದರೆ ಆನ್‌ಲೈನ್ ಗೆಜೆಟ್‌ಗೆ, ಮಾನ್ಯತೆ ಕೊಟ್ಟಿದೆ, ಕೇಂದ್ರ ಸರ್ಕಾರ 2015ರಲ್ಲಿ ಗೆಜೆಟ್ ಅಚ್ಚು ಹಾಕಿಸುವುದನ್ನೇ ಬಿಟ್ಟಿತು. ಆದರೆ ಕಾಯ್ದೆಯಲ್ಲಿ ‘ದಿನಪತ್ರಿಕೆ’ ಎಂದಿರುವ ಕಡೆ ಆ ಕಲಂ ನೆರವಿಗೆ ಬಾರದು. 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಂ ಓದಿ ನೋಡಿ. ರಾಜ್ಯಪತ್ರ, ಆ ಭಾಗದ ಎರಡು ದಿನಪತ್ರಿಕೆ, ಪಂಚಾಯಿತಿ, ತಾಲ್ಲೂಕು ಕಚೇರಿ, ವೆಬ್‌ಸೈಟ್ ಎಲ್ಲವನ್ನೂ ಕೇಳುತ್ತದೆ. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ.

ಕಂಪ್ಯೂಟರ್ ಆಪರೇಟರ್, ಪುರಸಭೆ: ನಾವು ಮಾಡುವ ಕೆಲಸ ಹೇಳುತ್ತೇನೆ. ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಾಹೇಬರ ಸಹಿ, ಸೀಲು ಆದ ಮೇಲೆ ಸ್ಕ್ಯಾನ್ ಮಾಡಿ ಏರಿಸುತ್ತೇವೆ. ಜನರ ಕೈಗೆ ಹೋಗುವುದು ಬರೀ ಚಿತ್ರ. ತಮ್ಮ ಸರ್ವೆ ನಂಬರ್ ಹಾಕಿ ಹುಡುಕಿದರೆ ಏನೂ ಸಿಗದು. ಆದ್ದರಿಂದ ಹುಡುಕಿದರೆ ಸಿಗುವಂಥ ಯುನಿಕೋಡ್ ಪಠ್ಯವೂ ಇರಲೇಬೇಕು, ತಲೆಬರಹದಲ್ಲೇ ವಾರ್ಡ್ ಮತ್ತು ಆಕ್ಷೇಪಣೆಯ ಕೊನೇ ದಿನ ಬರಬೇಕು ಎಂದು ಬರೆಸಿ.

ಇನ್ನೊಂದು, ನನಗೆ ಹೆಚ್ಚು ಚಿಂತೆ ತರುವ ವಿಷಯ. ಪೇಪರ್ ಕಟಿಂಗ್ ಕಡತದಲ್ಲಿದ್ದರೆ ಪ್ರಕಟವಾದ ದಿನಕ್ಕೆ ಅದೇ ಸಾಕ್ಷಿ. ವೆಬ್‌ಸೈಟ್‌ನಲ್ಲಿ ನಿನ್ನೆಯ ಫೈಲ್ ತೆಗೆದು ಇಂದು ಬೇರೆ ಇಟ್ಟರೆ ಯಾರಿಗೆ ತಿಳಿಯುತ್ತದೆ? ಡಿಜಿಟಲ್ ಸಹಿ ಇರಲಿ, ಏರಿಸಿದ ತಾರೀಖು, ಹೊತ್ತು ಕಾಣಲಿ. ತಿದ್ದುಪಡಿಯನ್ನು ಬೇರೆಯದಾಗಿ ಹಾಕಲಿ, ಅವಧಿ ಮುಗಿದದ್ದನ್ನೂ ಅಳಿಸದಿರಲಿ.

ಸಣ್ಣ ಗುತ್ತಿಗೆದಾರ: ಟೆಂಡರ್ ಆನ್‌ಲೈನ್ ಆದದ್ದು ನಮಗೆ ಒಳ್ಳೆಯದೇ ಆಯಿತು. ನಮ್ಮೂರಿಗೆ ಬಾರದ ಯಾವುದೋ ಪೇಪರ್‌ನಲ್ಲಿ ಹಾಕಿ ಮುಗಿಸುತ್ತಿದ್ದ ಕಾಲವನ್ನು ನೋಡಿದ್ದೇನೆ.

ಊರಿನ ನಿವಾಸಿ: ಗುತ್ತಿಗೆದಾರರು ದಿನಾ ಹುಡುಕುತ್ತಾರೆ ಸ್ವಾಮಿ, ಅದು ಅವರ ಕಸುಬು. ರಸ್ತೆ ಅಗಲೀಕರಣಕ್ಕೆ ಮನೆ ಮುಂದಿನ ಜಾಗ ಹೋಗುವವರಿಗೆ ಹುಡುಕಬೇಕೆಂಬುದೇ ಗೊತ್ತಿರುವುದಿಲ್ಲ. ಅಂಥವರ ಬಾಗಿಲಿಗೆ ನೋಟಿಸ್ ಹೋಗಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಕೂಡ ಅಂತರ್ಜಾಲದ ಜೊತೆಗೇ ನೋಟಿಸ್ ಬೋರ್ಡ್, ಪತ್ರಿಕೆ, ಸಾರ್ವಜನಿಕ ಘೋಷಣೆಯನ್ನೂ ಹೆಸರಿಸುತ್ತದೆ, ಆಯಾ ಸ್ಥಳಕ್ಕೆ ಹೊಂದುವ ದಾರಿ ಹಿಡಿಯಿರಿ ಎನ್ನುತ್ತದೆ. ನಮ್ಮಲ್ಲಿ ಬೆಳಿಗ್ಗೆ ಕಸದ ಗಾಡಿ ಮೈಕ್ ಹಾಕಿಕೊಂಡು ಪ್ರತಿ ಓಣಿಗೂ ಬರುತ್ತದೆ. ಆಕ್ಷೇಪಣೆಯ ಕೊನೇ ದಿನವನ್ನು ಅದರಲ್ಲೇ ಕೂಗಿಸಬಹುದು. ಉಳಿತಾಯವಾದ ಜಾಹೀರಾತು ಹಣದಲ್ಲಿ ಇಷ್ಟನ್ನು ಮಾಡುತ್ತೇವೆ ಎಂದು ಅದೇ ಠರಾವಿನಲ್ಲಿ ಬರೆಸಿ, ಅಕ್ಕಾ.