ತುರ್ತು: ‘ಸಿನಾಪ್ಸ್’ಗೆ ‘ನರಸಂಧಿ’ ನಡೆಯುತ್ತಾ?

ಗೆಳೆಯರೇ, ನ್ಯೂರಾಲಜಿ ಕಲಿಯುತ್ತಿರುವ ವೈದ್ಯರಿಗೆ ಮೂಲ ನರವಿಜ್ಞಾನ ಹೇಳಿಕೊಡುವ ಕೈಪಿಡಿ ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ‘ಸಿನಾಪ್ಸ್’, ಅಂದರೆ ನರಕೋಶ ಇನ್ನೊಂದು ಕೋಶಕ್ಕೆ ಸಂದೇಶ ದಾಟಿಸುವ ಜಾಗ, ಆ ಅಧ್ಯಾಯದ ತಲೆಬರಹ ಮಾತ್ರ ಬಾಕಿ. ಪಾಠ ಶುರುವಾಗುವುದೇ ರೋಗಿಯಿಂದ. ಬೆಳಗ್ಗೆ ಸರಿಯಿದ್ದ ರೆಪ್ಪೆ ಸಂಜೆ ಹೊತ್ತಿಗೆ ಜೋತುಬೀಳುತ್ತದೆ: ಸ್ನಾಯು ಸೋಲುವ ಕಾಯಿಲೆ, ಮಯಸ್ತೇನಿಯಾ. ನರದ ತುದಿಯಿಂದ ಸಂದೇಶ ಒಯ್ಯುವ ರಾಸಾಯನಿಕ ಅಸಿಟೈಲ್‌ಕೋಲಿನ್ ಬರುತ್ತಲೇ ಇದೆ, ಅದನ್ನು ಹಿಡಿಯಬೇಕಾದ ಸ್ನಾಯುವಿನ ಗ್ರಾಹಕಗಳನ್ನು ಪ್ರತಿಕಾಯಗಳು ಕೆಡಿಸಿವೆ. ‘ನರಸಂಧಿ’ ಅಂತ ಬರೆದಿಟ್ಟಿದ್ದೇನೆ. ನಡೆಯುತ್ತಾ?

ಮರು:
ನಡೆಯಲ್ಲ. ‘ನರ’ ನಮ್ಮದೇ ಪದ, ತಮಿಳಿನ ‘ನರಂಬು’ ನೋಡಿ. ಮನುಷ್ಯ ಅನ್ನುವ ಅರ್ಥದ ಸಂಸ್ಕೃತದ ‘ನರ’ ಬೇರೆ. ಹಾಗಾಗಿ, ಕನ್ನಡಕ್ಕೆ ಸಂಸ್ಕೃತದ ‘ಸಂಧಿ’ ಬೆರೆಸಿದ ನಿಮ್ಮದು ಅರಿಸಮಾಸ. ‘ನರಬೆಸುಗೆ’ ಅನ್ನಿ.

ಮರು:
> ನಿಮ್ಮದು ಅರಿಸಮಾಸ
ಹಾಗಾದರೆ ‘ನರವಿಜ್ಞಾನ’ವನ್ನೂ ಎಸೆಯಬೇಕಲ್ವಾ? ತೊಂದರೆ ಇರುವುದು ಸಮಾಸದಲ್ಲಲ್ಲ, ‘ಸಂಧಿ’ಯಲ್ಲಿ. ಸಂಧಿ ಅಂದರೆ ವೈದ್ಯರಿಗೆ ಮೊದಲು ನೆನಪಾಗುವುದು ಕೀಲು. ಅದೂ ಹೋಗಲಿ. ಸಂಧಿಯಲ್ಲಿ ಎರಡು ಕೂಡಿ ಒಂದಾಗುತ್ತವೆ. ಇಲ್ಲಿ ಕೂಡುವುದೇ ಇಲ್ಲ. ಎರಡು ನರಕೋಶಗಳ ನಡುವೆ ಸಾಮಾನ್ಯವಾಗಿ 20ರಿಂದ 40 ನ್ಯಾನೊಮೀಟರ್ ಬಿರುಕಿರುತ್ತದೆ. ನರಗಳೆಲ್ಲ ಬೆಸೆದುಕೊಂಡ ಬಲೆ ಅಂತ ವಿಜ್ಞಾನಿ ಗಾಲ್ಜಿ, ಒಂದೊಂದು ಕೋಶವೂ ಬಿಡಿ ಅಂತ ಕಹಾಲ್. 1906ರ ನೊಬೆಲ್ ಇಬ್ಬರಿಗೂ ಹಂಚಿಹೋಯಿತು, ವಾದದಲ್ಲಿ ಗೆದ್ದದ್ದು ಕಹಾಲ್. ನಮ್ಮ ವ್ಯಾಕರಣದ ಪ್ರಕಾರ ಇದು ಪ್ರಕೃತಿಭಾವ, ಸಂಧಿಯಾಗದೆ ಬಿಡಿಯಾಗೇ ಉಳಿಯುವುದು, ಸ್ವಾಮಿ! ‘ಬೆಸುಗೆ’ ಅಂದರೆ ಸೋತ ಗಾಲ್ಜಿ ಪಕ್ಷ ಸೇರಿದ ಹಾಗೆ.

ಮರು:
‘ಸಿನಾಪ್ಸ್’ನ ಗ್ರೀಕ್ ಮೂಲದಲ್ಲೂ ‘ಕೂಡಿ ಹಿಡಿಯುವುದು’ ಅಂತಲೇ ಅರ್ಥ. 1897ರಲ್ಲಿ ಶರೀರವಿಜ್ಞಾನಿ ಷೆರಿಂಗ್ಟನ್ ಆ ಪದ ಬಳಕೆಗೆ ತಂದಾಗ ಬಿರುಕನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಕಂಡದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಬಂದ ಮೇಲೆ. ಆಮೇಲೂ ವಿಜ್ಞಾನಿಗಳು ಪದ ಬದಲಿಸಲಿಲ್ಲ. ಗ್ರೀಕಿಗೆ ಮಾಫಿ, ಕನ್ನಡಕ್ಕೆ ಮಾತ್ರ ದಂಡವಾ?

ಮರು:
ಸುಮ್ನೆ ಯಾಕೆ ಗುದ್ದಾಟ? ಓದುವವರು ವೈದ್ಯರು. ‘ಸಿನಾಪ್ಸ್’ ಅಂತಲೇ ಇಡಿ. ರೈಲು, ಪೆನ್ನು ಬಂದ ಹಾಗೆ ಇದೂ ಬರಲಿ.

ಮರು:
ಹಾಗಾದರೆ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲೇ ಇರಲಿ ಬಿಡಿ. ಅನುವಾದದ ಖರ್ಚಾದರೂ ಉಳಿಯುತ್ತದೆ.

ಮರು:
ಕೇಳಿದವನು ನಾನು, ಸ್ವಲ್ಪ ಕೇಳಿ. ಪಿರಿಡೋಸ್ಟಿಗ್ಮಿನ್ ಯಾಕೆ ಕೊಟ್ಟಿದ್ದೇವೆ ಅಂತ ರೋಗಿಗೆ ಬಿಡಿಸಿ ಹೇಳಿ ಅನ್ನುವ ಅಭ್ಯಾಸ ಅಧ್ಯಾಯದ ಕೊನೆಗಿದೆ. ಅಲ್ಲಿ ಹೀಗೆ ಬರೆದಿದ್ದೇನೆ: ‘ನರಕ್ಕೂ ಸ್ನಾಯುವಿಗೂ ನಡುವೆ ಸಣ್ಣ ತೆರಪಿದೆ. ಅಲ್ಲಿಗೆ ಬಂದ ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದಂತೆ ಈ ಮಾತ್ರೆ ತಡೆಯುತ್ತದೆ. ಉಳಿದಿರುವ ಗ್ರಾಹಕಗಳಿಗೆ ಅದು ಜಾಸ್ತಿ ಹೊತ್ತು ಸಿಗುತ್ತದೆ.’ ತಲೆಬರಹಕ್ಕೂ ‘ತೆರಪು’ ಸಾಕಾ?

ಮರು:
ಸಾಲದು. ತೆರಪು ಅಂದರೆ ಬಿರುಕು ಮಾತ್ರ. ಈ ಕಡೆಯ ತುದಿ, ಆ ಕಡೆಯ ಗ್ರಾಹಕ ಎಲ್ಲ ಸೇರಿದರೆ ಸಿನಾಪ್ಸ್.

ಮರು:
ಸರಿ. ‘ಸಿನಾಪ್ಸ್: ತೆರಪು ದಾಟುವ ಸಂದೇಶ’ ಅಂತ ಹಾಕುತ್ತಿದ್ದೇನೆ. ಎಲ್ಲರಿಗೂ ವಂದನೆ.

ಮರು:
‘ತೆರಪು’ ಅಚ್ಚಗನ್ನಡ, ಒಪ್ಪಿದೆ. ‘ಸಂದೇಶ’ ಯಾಕೆ?