ಹೈಸ್ಕೂಲ್ ಭಾಷಣ ಸ್ಪರ್ಧೆಯಲ್ಲಿ ಮಗಳು ಯಾವ ವಿಭಾಗವನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ

ನಾವು ಅಮೆರಿಕದಲ್ಲಿ ನೆಲೆಸಿರುವ ಕುಟುಂಬ. ಮಗಳು ಈ ವರ್ಷ ಒಂಬತ್ತನೆಯ ತರಗತಿಗೆ, ಅಂದರೆ ಇಲ್ಲಿಯ ಹೈಸ್ಕೂಲಿನ ಮೊದಲ ವರ್ಷಕ್ಕೆ ಬಂದಿದ್ದು, ಶಾಲೆಯ ಸ್ಪೀಚ್ ತಂಡವನ್ನು ಸೇರಿದ್ದಾಳೆ. ಅವಳಿಗೆ ಡಿಬೇಟ್‌ನಲ್ಲಿ ಆಸಕ್ತಿಯಿಲ್ಲ. ಒಬ್ಬಳೇ ನಿಂತು ಮಾತನಾಡುವ ವಿಭಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದೆ. ಊರಿನ ಶಾಲೆಯಲ್ಲಿ ನಾವು ಕಂಡದ್ದು ಭಾಷಣ, ಆಶುಭಾಷಣ, ಕಂಠಪಾಠ, ಏಕಪಾತ್ರಾಭಿನಯ ಇಷ್ಟೇ. ಇಲ್ಲಿಯ ಪಟ್ಟಿಯಲ್ಲಿ ಒರಿಜಿನಲ್ ಆರೇಟರಿ, ಇನ್ಫರ್ಮೇಟಿವ್, ಎಕ್ಸ್‌ಟೆಂಪ್, ಡಿ.ಐ., ಎಚ್.ಐ., ಪಿ.ಒ.ಐ. ಎಂದು ಹತ್ತಾರು ಹೆಸರುಗಳಿವೆ. ಅವಳು ಕಥೆಗಳನ್ನು ಬಹಳ ಓದುತ್ತಾಳೆ, ಮನೆಯಲ್ಲಿ ಚೆನ್ನಾಗಿ ವಾದಿಸುತ್ತಾಳೆ, ಆದರೆ ಅಪರಿಚಿತರ ಮುಂದೆ ಧ್ವನಿ ನಡುಗುತ್ತದೆ. ಮೊದಲ ವರ್ಷಕ್ಕೆ ಯಾವುದು ಸೂಕ್ತ? ಭಾಷಣ ಬರೆಯುವಾಗ ನಾವು ಎಷ್ಟರ ಮಟ್ಟಿಗೆ ಸಹಾಯ ಮಾಡಬಹುದು? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನನ್ನ ಇಬ್ಬರು ಮಕ್ಕಳೂ ಈ ಸ್ಪರ್ಧೆಗಳಲ್ಲಿ ಭಾಗವಹಿಸಿದವರು, ಪಾಲಕನಾಗಿ ನಾನೂ ತೀರ್ಪುಗಾರರ ಕುರ್ಚಿಯಲ್ಲಿ ಕುಳಿತಿದ್ದೇನೆ. ಹೆಸರುಗಳು ಹಲವಿದ್ದರೂ ಅವುಗಳ ಹಿಂದಿರುವ ಕೆಲಸ ಮೂರೇ ಬಗೆಯದು: ತಾನೇ ಬರೆದು ಬಾಯಿಪಾಠ ಮಾಡಿ ಹೇಳುವುದು, ಸ್ಥಳದಲ್ಲಿಯೇ ಕೊಟ್ಟ ಪ್ರಶ್ನೆಗೆ ಸಿದ್ಧವಾಗಿ ಉತ್ತರಿಸುವುದು, ಬೇರೆಯವರು ಬರೆದ ಸಾಹಿತ್ಯವನ್ನು ಪಾತ್ರವಾಗಿ ಒಪ್ಪಿಸುವುದು.

1925ರಲ್ಲಿ ಆರಂಭವಾಗಿ ಈಗ ನ್ಯಾಷನಲ್ ಸ್ಪೀಚ್ ಆ್ಯಂಡ್ ಡಿಬೇಟ್ ಅಸೋಸಿಯೇಷನ್ ಎಂದು ಕರೆಸಿಕೊಳ್ಳುವ ಸಂಸ್ಥೆಯ ನಿಯಮಗಳನ್ನೇ ಬಹುಪಾಲು ಶಾಲೆಗಳು ಅನುಸರಿಸುತ್ತವೆ. ಅದರಂತೆ ಒರಿಜಿನಲ್ ಆರೇಟರಿಗೆ 10 ನಿಮಿಷ; ವಿದ್ಯಾರ್ಥಿಯೇ ಬರೆದಿರಬೇಕು, ಇತರರಿಂದ ಉದ್ಧರಿಸಿದ ಮಾತು 150 ಪದಗಳನ್ನು ಮೀರಬಾರದು. ಇನ್ಫರ್ಮೇಟಿವ್‌ಗೂ ಅಷ್ಟೇ ಸಮಯ, ಆದರೆ ಅಲ್ಲಿ ಕೇಳುಗರ ಮನವೊಲಿಸುವುದಕ್ಕಿಂತ ಅವರಿಗೆ ತಿಳಿಯದ ವಿಷಯವನ್ನು ತಿಳಿಸುವುದು ಮುಖ್ಯ, ಬೇಕಿದ್ದರೆ ಚಿತ್ರಫಲಕಗಳನ್ನೂ ಬಳಸಬಹುದು. ಎಕ್ಸ್‌ಟೆಂಪ್‌ನಲ್ಲಿ ಪ್ರಚಲಿತ ವಿದ್ಯಮಾನಗಳ ಮೂರು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಂಡು, 30 ನಿಮಿಷ ಸಿದ್ಧತೆ ನಡೆಸಿ, 7 ನಿಮಿಷ ಮಾತನಾಡಬೇಕು. ಅಮೆರಿಕದ ವಿಷಯಗಳಿಗೂ ಅಂತಾರಾಷ್ಟ್ರೀಯ ವಿಷಯಗಳಿಗೂ ಪ್ರತ್ಯೇಕ ವಿಭಾಗಗಳಿವೆ.

ಮೂರನೆಯ ಬಗೆಯೇ ಇಂಟರ್ಪ್, ಅಂದರೆ ಇಂಟರ್‌ಪ್ರಿಟೇಷನ್. ಗಂಭೀರ ವಸ್ತುವಿಗೆ ಡ್ರಮ್ಯಾಟಿಕ್ (ಡಿ.ಐ.), ಹಾಸ್ಯಕ್ಕೆ ಹ್ಯೂಮರಸ್ (ಎಚ್.ಐ.). ಇಲ್ಲಿ ವೇಷವೂ ಇಲ್ಲ, ಪರಿಕರವೂ ಇಲ್ಲ; ತಾಳಮದ್ದಳೆಯ ಅರ್ಥಧಾರಿಯಂತೆ ಮಾತಿನ ಬಲದಿಂದಲೇ ಪಾತ್ರವನ್ನು ಕಟ್ಟಬೇಕು, ಆದರೆ ಮಾತು ಮಾತ್ರ ಮೊದಲೇ ಪ್ರಕಟವಾದ ಕೃತಿಯದ್ದು, ಸ್ವಂತದ್ದಲ್ಲ. ಹಾಸ್ಯದಲ್ಲಿ ಒಬ್ಬರೇ ಹಲವು ಪಾತ್ರಗಳಾಗಿ ಕ್ಷಣಕ್ಷಣಕ್ಕೂ ಧ್ವನಿ, ನಿಲುವುಗಳನ್ನು ಬದಲಿಸುವುದನ್ನು ನೋಡಿದರೆ ಅದರ ಹಿಂದಿನ ಶ್ರಮ ಅರಿವಾಗುತ್ತದೆ. ಪಿ.ಒ.ಐ.ಯಲ್ಲಿ (ಪ್ರೋಗ್ರಾಂ ಓರಲ್ ಇಂಟರ್‌ಪ್ರಿಟೇಷನ್) ಕವಿತೆ, ಗದ್ಯ, ನಾಟಕಗಳಲ್ಲಿ ಕನಿಷ್ಠ ಎರಡು ಪ್ರಕಾರಗಳಿಂದ ಆಯ್ದ ತುಣುಕುಗಳನ್ನು ಒಂದು ವಿಷಯದ ಸುತ್ತ ಹೆಣೆದು, ಕೈಯಲ್ಲಿ ಹಸ್ತಪ್ರತಿ ಹಿಡಿದೇ ಪ್ರಸ್ತುತಪಡಿಸಬೇಕು.

ಧ್ವನಿ ನಡುಗುವ, ಕಥೆ ಓದುವ ಹುಡುಗಿಗೆ ನಾನಾದರೆ ಪಿ.ಒ.ಐ.ಯನ್ನೇ ಸೂಚಿಸುತ್ತೇನೆ. ಮಾತನ್ನು ಹುಡುಕುವ ಭಯವಿರುವುದಿಲ್ಲ, ಕೈಯಲ್ಲಿ ಹಿಡಿಯಲು ಒಂದು ಆಸರೆಯೂ ಇರುತ್ತದೆ, ತುಣುಕುಗಳನ್ನು ಆಯುವಾಗ ಅವಳ ಓದು ನೇರವಾಗಿ ಕೆಲಸಕ್ಕೆ ಬರುತ್ತದೆ.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಸಲಹೆಯನ್ನು ಪೂರ್ತಿಯಾಗಿ ಒಪ್ಪಲಾರೆ. ಹಲವು ಮೂಲಗಳನ್ನು ಹುಡುಕಿ, ಕತ್ತರಿಸಿ, ಹತ್ತು ನಿಮಿಷಕ್ಕೆ ಹೊಂದಿಸುವ ಪಿ.ಒ.ಐ. ಹೊಸಬರಿಗೆ ಸುಲಭವಲ್ಲ; ಒಳ್ಳೆಯ ಕೋಚ್ ಇಲ್ಲದಿದ್ದರೆ ಸಂಕಲನದಲ್ಲಿಯೇ ತಿಂಗಳುಗಳು ಕಳೆದುಹೋಗುತ್ತವೆ. ನಿಮ್ಮ ಶಾಲೆ ನ್ಯಾಷನಲ್ ಕ್ಯಾಥೊಲಿಕ್ ಫೊರೆನ್ಸಿಕ್ ಲೀಗ್ ಎಂಬ ಇನ್ನೊಂದು ಭಾಷಣ-ಡಿಬೇಟ್ ಸಂಸ್ಥೆಯ ಸ್ಪರ್ಧೆಗಳಿಗೂ ಹೋಗುತ್ತಿದ್ದರೆ ಅಲ್ಲಿ ಡಿಕ್ಲಮೇಷನ್ ಎಂಬ ವಿಭಾಗವಿದೆ. ಬೇರೊಬ್ಬರು ಈಗಾಗಲೇ ಸಾರ್ವಜನಿಕವಾಗಿ ಮಾಡಿದ ಭಾಷಣವನ್ನು ಬಾಯಿಪಾಠ ಮಾಡಿ ಒಪ್ಪಿಸುವುದು, ಒಂದು ರೀತಿಯಲ್ಲಿ ನಮ್ಮ ಕಂಠಪಾಠವೇ. ಒಂಬತ್ತು ಮತ್ತು ಹತ್ತನೆಯ ತರಗತಿಯವರಿಗೆ ಮಾತ್ರ ಅದರಲ್ಲಿ ಅವಕಾಶವಿರುವುದರಿಂದ, ಹಿರಿಯ ವಿದ್ಯಾರ್ಥಿಗಳ ಎದುರು ನಿಲ್ಲುವ ಅಳುಕು ಇರುವುದಿಲ್ಲ.

ಇನ್ನು ನಿಮ್ಮ ಸಹಾಯದ ವಿಚಾರವನ್ನು ಸ್ಪಷ್ಟವಾಗಿಯೇ ಹೇಳಬೇಕು. ಆರೇಟರಿಯನ್ನು ಆರಿಸಿಕೊಂಡರೆ ಒಂದು ವಾಕ್ಯವನ್ನೂ ನೀವು ಬರೆದುಕೊಡಬೇಡಿ. ನಿಯಮ ಹಾಗಿದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಅದೇ ಭಾಷಣವನ್ನು ಅವಳು ಇಡೀ ಋತುವಿನುದ್ದಕ್ಕೂ ಶನಿವಾರದಿಂದ ಶನಿವಾರಕ್ಕೆ ಹೇಳುತ್ತಲೇ ಇರಬೇಕು, ಮತ್ತು ತನ್ನದಲ್ಲದ ಮಾತು ಮೂರನೆಯ ಸ್ಪರ್ಧೆಯ ಹೊತ್ತಿಗೇ ಅವಳ ಬಾಯಲ್ಲಿ ಸಪ್ಪೆಯಾಗುತ್ತದೆ. ದೊಡ್ಡವರು ಬರೆದ ಭಾಷಣವನ್ನು ಹದಿನಾಲ್ಕು ವರ್ಷದ ಮಗು ಹೇಳುತ್ತಿದೆ ಎಂಬುದು ಕೇಳುವವರಿಗೆ ಮೊದಲ ನಿಮಿಷದಲ್ಲಿಯೇ ತಿಳಿದುಬಿಡುತ್ತದೆ. ಅವಳ ಭಾಷಣವನ್ನು ಕೇಳಿ, ಅರ್ಥವಾಗದ ಕಡೆ ಪ್ರಶ್ನೆ ಕೇಳಿ. ಅಷ್ಟು ಮಾಡಿದರೆ ಅದೇ ದೊಡ್ಡ ಸಹಾಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮಗಳಿಗೆ ಓದಿ ಹೇಳಿದಾಗ ಅವಳು ಎಕ್ಸ್‌ಟೆಂಪ್ ಬಗ್ಗೆಯೇ ಹೆಚ್ಚು ಕೇಳಿದಳು, ಅದು ನನಗೆ ಅನಿರೀಕ್ಷಿತ. ಭಯವಿರುವವಳು ಅಷ್ಟು ಕಡಿಮೆ ಸಮಯದಲ್ಲಿ ಸಿದ್ಧವಾಗುವುದು ಸಾಧ್ಯವೇ? ಮೊದಲ ಸ್ಪರ್ಧೆಯಲ್ಲಿ ಕೊನೆಯ ಸ್ಥಾನ ಬಂದರೆ ಎದೆಗುಂದುತ್ತಾಳೆಂಬ ಚಿಂತೆಯೂ ಇದೆ.

ಮೂರನೆಯ ಉತ್ತರ

ಅವಳು ತಾನಾಗಿ ಕೇಳಿದ್ದಾಳೆಂದರೆ ಅದನ್ನೇ ಮಾಡಲು ಬಿಡಿ. ಎಕ್ಸ್‌ಟೆಂಪ್‌ನಲ್ಲಿ ಒಂದು ಅನುಕೂಲವಿದೆ: ಮರೆತುಹೋಗಲು ಬಾಯಿಪಾಠದ ವಾಕ್ಯವೇ ಇರುವುದಿಲ್ಲ. ಬಾಯಿಪಾಠದ ಭಾಷಣದಲ್ಲಿ ಒಂದು ಸಾಲು ತಪ್ಪಿದರೆ ಮುಂದಿನದೆಲ್ಲ ಕೈತಪ್ಪುತ್ತದೆ; ಇಲ್ಲಿ ಪ್ರಶ್ನೆಗೆ ಒಂದು ಉತ್ತರ, ಅದಕ್ಕೆ ಎರಡು ಮೂರು ಕಾರಣ, ಪ್ರತಿ ಕಾರಣಕ್ಕೂ ಸುದ್ದಿಮೂಲದ ಆಧಾರ ಎಂಬ ಚೌಕಟ್ಟು ಮನಸ್ಸಿನಲ್ಲಿದ್ದರೆ ಮಾತು ನಿಂತರೂ ದಾರಿ ಸಿಗುತ್ತದೆ. ಮನೆಯಲ್ಲಿ ವಾದಿಸುವ ಹುಡುಗಿಗೆ ಈ ಚೌಕಟ್ಟು ಹೊಸದೇನಲ್ಲ. ದಿನವೂ ಸುದ್ದಿ ಓದುವ ಶಿಸ್ತು ಮಾತ್ರ ಬೇಕೇ ಬೇಕು, ಅದಕ್ಕೆ ಅಡ್ಡದಾರಿಯಿಲ್ಲ.

ಸ್ಥಾನದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಆರೇಳು ಮಂದಿ ಮಾತನಾಡುತ್ತಾರೆ, ತೀರ್ಪುಗಾರರು ಅವರನ್ನು ಒಂದರಿಂದ ಕ್ರಮವಾಗಿ ಶ್ರೇಣೀಕರಿಸುತ್ತಾರೆ, ಹಲವು ಸುತ್ತುಗಳ ಸ್ಥಾನಗಳನ್ನು ಕೂಡಿದ ಮೊತ್ತ ಕಡಿಮೆಯಿದ್ದವರು ಮುಂದಕ್ಕೆ ಹೋಗುತ್ತಾರೆ. ಒಂದೇ ಭಾಷಣಕ್ಕೆ ಒಬ್ಬರು ಒಂದನೆಯ, ಇನ್ನೊಬ್ಬರು ಐದನೆಯ ಸ್ಥಾನ ಕೊಡುವುದು ಅಪರೂಪವಲ್ಲ, ಏಕೆಂದರೆ ತೀರ್ಪುಗಾರರಲ್ಲಿ ಅನೇಕರು ನಮ್ಮಂತಹ ಪಾಲಕರೇ. ಆದುದರಿಂದ ಅಂಕಿಯನ್ನು ಬದಿಗಿಟ್ಟು ಬ್ಯಾಲಟ್ ಹಾಳೆಯಲ್ಲಿ, ಅಂದರೆ ತೀರ್ಪಿನ ಹಾಳೆಯಲ್ಲಿ, ತೀರ್ಪುಗಾರರು ಬರೆದ ಟಿಪ್ಪಣಿಗಳನ್ನು ಅವಳೊಂದಿಗೆ ಕುಳಿತು ಓದಿ. ಎರಡು ಮೂರು ಹಾಳೆಗಳಲ್ಲಿ ಒಂದೇ ದೋಷ ಕಂಡರೆ ಅದನ್ನು ಮುಂದಿನ ವಾರ ತಿದ್ದಿಕೊಳ್ಳಲಿ. ವಿಭಾಗ ಹೊಂದಲಿಲ್ಲವೆಂದರೆ ಬದಲಿಸುವುದಕ್ಕೂ ಅಡ್ಡಿಯಿಲ್ಲ, ಎಷ್ಟೋ ಮಕ್ಕಳು ಹಾಗೆ ಮಾಡುತ್ತಾರೆ. ಸಾಧ್ಯವಾದರೆ ನೀವೂ ತೀರ್ಪುಗಾರರ ತರಬೇತಿಗೆ ಹೆಸರು ಕೊಡಿ. ಪಾಲ್ಗೊಳ್ಳುವ ಮಕ್ಕಳ ಸಂಖ್ಯೆಗೆ ತಕ್ಕಷ್ಟು ತೀರ್ಪುಗಾರರನ್ನು ಶಾಲೆಗಳೇ ಒದಗಿಸಬೇಕಾಗಿರುವುದರಿಂದ ನಿಮ್ಮ ತಂಡಕ್ಕೆ ಅದರ ಅಗತ್ಯ ಖಂಡಿತ ಇರುತ್ತದೆ.